ಹನ್ನೆರಡನೇ ಫಾರಂ

ಅಕ್ಕ ಎರಡೂ ಕೈಗಳನ್ನು ಬಿಸಿನೀರಿನ ಬೋಗುಣಿಯಲ್ಲಿ ಮುಳುಗಿಸಿ ಕುಳಿತಿದ್ದಳು. ಎದುರಿಗೆ ಕುಕ್ಕರಗಾಲಿನಲ್ಲಿ ಕೂತ ತಂಗಿ ಪಿಟೀಲು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಕ್ಕನ ಬೆರಳುಗಳಿಗೆ ಅಂಟಿ ಒಣಗಿದ್ದ ಗೋಂದನ್ನು ಉಜ್ಜುತ್ತಿದ್ದಳು. ಹೆಬ್ಬೆರಳು ಮುಗಿಯಿತು. ತೋರುಬೆರಳು ಮುಗಿಯಿತು. ಇಬ್ಬರ ಬಾಯಿಂದಲೂ ಒಂದು ಮಾತಿಲ್ಲ.

ಬೇರೆ ದಿನವಾಗಿದ್ದರೆ ಮನೆಯಲ್ಲಿ ಇದೇ ಅತಿ ಗಲಾಟೆಯ ಹೊತ್ತು. ಬೈಂಡಿಂಗ್ ಪ್ರೆಸ್ಸಿನಲ್ಲಿ ಮೇಸ್ತ್ರಿ ಯಾರ ಮೇಲೆ ಎಗರಾಡಿದರು ಎಂದು ಅಕ್ಕ ಹೇಳುತ್ತಿದ್ದಳು. ಸ್ಕೂಲಿನಲ್ಲಿ ಯಾರು ಯಾರ ಪೆನ್ಸಿಲ್ ಮುರಿದರು ಎಂದು ಪಿಟೀಲು ಹೇಳುತ್ತಿದ್ದಳು. ಭಾನುವಾರದಿಂದ ಎಲ್ಲವೂ ಬಂದ್. ಇವತ್ತು ಮಂಗಳವಾರ.

"ಏನ್ರೇ, ಇಬ್ಬರೂ ಬಾಯಿಗೂ ಗೋಂದು ಹಚ್ಕೊಂಡಿದ್ದೀರಾ?" ಎನ್ನುತ್ತಾ ಅಮ್ಮ ಒಳಗೆ ಬಂದಳು. ಅಮ್ಮ ಬಸ್ ಕಂಡಕ್ಟರ್. ಭುಜದ ಚೀಲವನ್ನು ಮೊಳೆಗೆ ಹಾಕಿ, ಉಸ್ಸೆಂದು ಕುರ್ಚಿಯಲ್ಲಿ ಕುಸಿದಳು.

"ಅವಳನ್ನೇ ಕೇಳು," ಎಂದಳು ಪಿಟೀಲು.

ಅಕ್ಕ ಕೈ ಒರೆಸಿಕೊಂಡು ಎದ್ದು ಹೋದಳು. ಕಿರುಬೆರಳು ಇನ್ನೂ ಬಾಕಿಯಿತ್ತು.

"ಇನ್ನೂ ಅದೇ ಪುಸ್ತಕದ ಜಗಳಾನಾ? ಸಾಕು ಕುಯ್ದಿದ್ದು," ಎಂದಳು ಅಮ್ಮ.

ಒಂದು ವಿಷಯ ಹಿಡಿದರೆ ಬಿಡದೆ ಕುಯ್ಯುತ್ತಾಳೆಂದು ಅಮ್ಮನೇ ಇಟ್ಟ ಹೆಸರು ಪಿಟೀಲು. ಆದರೆ ಈ ಸಲ ಕುಯ್ಯದೆ ಇರುವುದಾದರೂ ಹೇಗೆ?

ಪುಸ್ತಕದ ಹೆಸರು 'ಏಳನೇ ಲೇನ್'. ಅದೊಂದು ಕಾದಂಬರಿ, ಹದಿನೈದು ವರ್ಷದ ಈಜುಗಾತಿಯ ಕತೆ. ಈಚೆಗಷ್ಟೇ ಅದು ಸಿನಿಮಾ ಕೂಡ ಆಗಿತ್ತು. ಟೀಮಿನವರು ಅವಳನ್ನು ಮೀನು ಎಂದು ಕರೆಯುತ್ತಾರೆ. ಒಂದು ದಿನ ಮೀನುವಿನ ಕೈಜಾರಿ ಕೋಚ್ ಸರ್ ಅವರ ಸ್ಟಾಪ್‌ವಾಚ್ ಒಡೆದುಹೋಗುತ್ತದೆ. ಅವಳು ಹೆದರಿ ಅದನ್ನು ಬಚ್ಚಿಡುತ್ತಾಳೆ. ಅನುಮಾನ ಅವಳ ಗೆಳತಿಯ ಮೇಲೆ ಬರುತ್ತದೆ. ಗೆಳತಿಯನ್ನು ಟೀಮಿನಿಂದಲೇ ತೆಗೆದುಬಿಡುತ್ತಾರೆ. ಆಗಲೂ ಮೀನು ಬಾಯಿಬಿಡುವುದಿಲ್ಲ.

ಕೊನೆಗೆ ನೂರಾ ಎಪ್ಪತ್ತಾರನೇ ಪುಟದಲ್ಲಿ, ದೊಡ್ಡ ರೇಸಿನ ದಿನ, ಮೀನು ಕೋಚ್ ಎದುರು ಹೋಗಿ ನಿಲ್ಲುತ್ತಾಳೆ. 'ಸರ್, ಆವತ್ತು ನಿಮ್ಮ ಸ್ಟಾಪ್‌ವಾಚ್ ಒಡೆದದ್ದು' ಎಂದು ಬಾಯಿ ತೆರೆಯುತ್ತಾಳೆ. ಪುಟ ಮುಗಿಯುತ್ತದೆ.

ಪಿಟೀಲಿನ ಕಣ್ಣು ತಟ್ಟನೆ ಪಕ್ಕದ ಪುಟಕ್ಕೆ ಹಾರಿತ್ತು. ಅಲ್ಲಿ ಹೀಗಿತ್ತು: 'ಬೆಕ್ಕು ಪಂಪ್ ರೂಮಿನ ಹಿಂದೆ ಮೂರು ಮರಿ ಹಾಕಿತ್ತು.'

ಬೆಕ್ಕು! ಆ ಬೆಕ್ಕು ಮರಿ ಹಾಕಿ ಎಷ್ಟೋ ಹೊತ್ತಾಗಿತ್ತು. ಅದು ನೂರಾ ಇಪ್ಪತ್ತೊಂಬತ್ತನೇ ಪುಟದ ಬೆಕ್ಕು. ಪಿಟೀಲು ಪುಟ ತಿರುಗಿಸಿದಳು. ನೂರಾ ಮೂವತ್ತು. ನೂರಾ ಮೂವತ್ತೊಂದು. ಹೀಗೇ ನೂರಾ ನಲವತ್ತನಾಲ್ಕರವರೆಗೆ ಹೋಗಿ, ರಟ್ಟು ಬಂದುಬಿಟ್ಟಿತು. ಓದಿದ್ದೇ ಎರಡು ಸಲ, ಕೊನೆ ಮಾತ್ರ ಇಲ್ಲ.

ಪುಸ್ತಕ ತಂದುಕೊಟ್ಟವಳು ಅಕ್ಕ. ಅವಳು ಕೆಲಸ ಮಾಡುವ ಪ್ರೆಸ್ಸಿನಲ್ಲೇ ಅದನ್ನು ಬೈಂಡ್ ಮಾಡಿದ್ದು. ರಟ್ಟು ಸೊಟ್ಟಗೆ ಅಂಟಿದ ವೇಸ್ಟ್ ಕಾಪಿಗಳನ್ನು ಮೇಸ್ತ್ರಿ ಕೆಲಸದವರಿಗೆ ಒಬ್ಬರಿಗೆ ಒಂದರಂತೆ ಕೊಡುತ್ತಿದ್ದರು.

"ಒಂದು ಫಾರಂ ಎರಡು ಸಲ ಸೇರಿಬಿಟ್ಟಿದೆ ಅನ್ಸತ್ತೆ," ಎಂದು ಅಕ್ಕ ಭಾನುವಾರ ಪುಸ್ತಕ ತಿರುವಿ ನೋಡಿ ಹೇಳಿದ್ದಳು. ಒಂದು ದೊಡ್ಡ ಹಾಳೆಯನ್ನು ಮಡಿಸಿದರೆ ಹದಿನಾರು ಪುಟ. ಅದೇ ಒಂದು ಫಾರಂ. ಹನ್ನೆರಡು ಫಾರಂ ಸೇರಿದರೆ 'ಏಳನೇ ಲೇನ್'.

"ಬೇರೆ ಕಾಪಿ ತಂದುಕೊಡು."

"ಒಬ್ಬರಿಗೆ ಒಂದೇ ಕಣೇ. ಮತ್ತೆ ಕೇಳಿದ್ರೆ ಮೇಸ್ತ್ರಿ ಬೈತಾರೆ."

"ಹಾಗಾದ್ರೆ ಕೊನೇಲಿ ಏನಾಗತ್ತೆ ಅಂತ ಹೇಳು."

"ನಾನೆಲ್ಲಿ ಓದಿದ್ದೀನಿ?"

ಪಿಟೀಲಿಗೆ ತಲೆ ಕೆಟ್ಟುಹೋಗಿತ್ತು. "ಸಾವಿರ ಪುಸ್ತಕ ಮುಟ್ಟಿದ್ದೀಯ, ಒಂದನ್ನೂ ಓದಿಲ್ಲ! ಸ್ಕೂಲ್ ಬಿಟ್ಟೋರೆಲ್ಲ ಹೀಗೇನೇ!" ಎಂದುಬಿಟ್ಟಿದ್ದಳು.

ಅಕ್ಕನ ಮುಖ ಆಗ ಹೇಗಾಯಿತೆಂದರೆ, ಪಿಟೀಲಿಗೆ ಈಗಲೂ ಅದನ್ನು ನೆನೆಯಲು ಇಷ್ಟವಿಲ್ಲ. ಅಮ್ಮ ಕೆಲಸಕ್ಕೆ ಸೇರಿದ ವರ್ಷ ಅಕ್ಕ ಎಂಟನೇ ಕ್ಲಾಸು, ಪಿಟೀಲಿಗೆ ಮೂರು ವರ್ಷ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಅಕ್ಕ ಸ್ಕೂಲು ಬಿಟ್ಟದ್ದು ಹಾಗೆ.

"ಕೊನೆ ಏನು ಅಂತ ತಿಳ್ಕೋಬೇಕು ತಾನೇ?" ಎಂದು ಅಮ್ಮ ಈಗ ಕಾಲು ಚಾಚಿ ಹೇಳಿದಳು. "ನಾನು ಹೇಳ್ತೀನಿ ಕೇಳು. ನನ್ನ ಬಸ್ಸಲ್ಲಿ ವಾರದಿಂದ ಎಲ್ಲರಿಗೂ ಅದೇ ಸಿನಿಮಾದ ಮಾತು. ಆ ಹುಡುಗಿ ಗೆಲ್ತಾಳೆ. ಗೆಳತಿ ಓಡಿ ಬಂದು ತಬ್ಕೊಳ್ತಾಳೆ. ಮಳೆ ಬರತ್ತೆ."

"ಅದು ಸಿನಿಮಾ ಅಮ್ಮಾ! ನನಗೆ ಪುಸ್ತಕದ್ದು ಬೇಕು!"

"ಎರಡರ ಹೆಸರೂ ಒಂದೇ ಅಲ್ವೇನೇ?"

ಪಿಟೀಲು ದಿಂಬಿಗೆ ಮುಖ ಒತ್ತಿಕೊಂಡು ಕಿರುಚಿದಳು. ದಿಂಬಿನೊಳಗೆ ಅದು ಯಾರಿಗೂ ಕೇಳಲಿಲ್ಲ.

ಸ್ಕೂಲಿನಲ್ಲೂ ಇದೇ ಪಾಡು. ಕಳೆದ ಶುಕ್ರವಾರ ಲೈಬ್ರರಿ ಪೀರಿಯಡ್‌ನಲ್ಲಿ ಮಿಸ್, "ಏಳನೇ ಲೇನ್ ಯಾರ್ಯಾರು ನೋಡಿದ್ದೀರಿ?" ಎಂದು ಕೇಳಿದಾಗ ಇಡೀ ಕ್ಲಾಸೇ ಕೈ ಎತ್ತಿತ್ತು. "ಪುಸ್ತಕ ಯಾರು ಓದ್ತಿದ್ದೀರಿ?" ಎಂದಾಗ ಎದ್ದದ್ದು ಒಂದೇ ಕೈ, ಪಿಟೀಲಿನದು.

"ಪುಸ್ತಕದಲ್ಲಿ ಕಳ್ಳ ಇಲ್ಲ ಮಿಸ್," ಎಂದಿದ್ದಳು ಪಿಟೀಲು. "ಇವರೆಲ್ಲ ಯಾವ್ದೋ ಕಳ್ಳ ಸ್ಟಾಪ್‌ವಾಚ್ ಕದ್ದ ಅಂತಾರೆ. ಪುಸ್ತಕದಲ್ಲಿ ಮೀನೇ ಅದನ್ನ ಒಡೆದುಹಾಕೋದು."

"ಸುಳ್ಳು!" ಎಂದು ಹಿಂದಿನ ಬೆಂಚಿನಿಂದ ಮೈಕ್ ಕೂಗಿದ. ಮೆಲ್ಲಗೆ ಮಾತಾಡಲು ಬಾರದ ಹುಡುಗನೆಂದು ಅವನಿಗೆ ಆ ಹೆಸರು. "ಹೀರೋಯಿನ್ ಯಾಕೆ ಒಡೀತಾಳೆ? ಹೀರೋಯಿನ್ ಅಲ್ವಾ ಅವಳು?"

"ಅವಳು ಒಡೆದದ್ದಕ್ಕೇ ಕತೆ ಇರೋದು!"

"ಮಿಸ್, ಇವಳು ಸಿನಿಮಾನೂ ನೋಡಿಲ್ಲ, ಸುಮ್ನೆ ಬಿಡ್ತಿದ್ದಾಳೆ!"

ಎಲ್ಲರೂ ನಕ್ಕರು. ಮಿಸ್ ಡಸ್ಟರ್ ಕುಟ್ಟಿ, "ಮುಂದಿನ ಶುಕ್ರವಾರ ಇವಳೇ ನಿಮಗೆ ಪುಸ್ತಕದ ಕತೆ ಪೂರ್ತಿ ಹೇಳ್ತಾಳೆ. ಕೊನೇನೂ ಸೇರಿಸಿ," ಎಂದರು. ಆಗ ಪಿಟೀಲು ಇನ್ನೂ ಎಂಬತ್ತನೇ ಪುಟದಲ್ಲಿದ್ದಳು. ಹೆಮ್ಮೆಯಿಂದ ತಲೆ ಆಡಿಸಿದ್ದಳು.

ಬುಧವಾರ ಸಂಜೆ ಅವಳು ಪುಸ್ತಕದ ಅಂಗಡಿಗೆ ಹೋದಳು. ಕಿಟಕಿಯಲ್ಲಿ 'ಏಳನೇ ಲೇನ್' ಗೋಪುರದಂತೆ ಪೇರಿಸಿತ್ತು. ಪ್ರತಿಯೊಂದರ ರಟ್ಟಿನ ಮೇಲೂ ಸಿನಿಮಾದ ಹುಡುಗಿ ಹಲ್ಲು ಕಿರಿಯುತ್ತಿದ್ದಳು. ಪ್ರತಿಯೊಂದಕ್ಕೂ ಪ್ಲಾಸ್ಟಿಕ್ ಹೊದಿಕೆ.

"ಅಂಕಲ್, ಕೊನೇ ಹದಿನಾರು ಪುಟ ಮಾತ್ರ ನೋಡಿ ಕೊಡ್ತೀನಿ."

"ಪ್ಲಾಸ್ಟಿಕ್ ಬಿಚ್ಚಿದ್ರೆ ತಗೋಬೇಕಮ್ಮ."

"ಬಿಚ್ಚದೆ ಹೇಗೆ ನೋಡೋದು?"

"ಅದಕ್ಕೇ ತಗೋಬೇಕು ಅಂದಿದ್ದು," ಎಂದ ಅಂಗಡಿಯವನು. ನಂತರ ಅಯ್ಯೋ ಪಾಪ ಎನಿಸಿತೇನೋ, ಮುಂದೆ ಬಾಗಿದ. "ಕೊನೇಲಿ ಏನಾಗತ್ತೆ ಅಂತ ತಾನೇ? ನಾನು ಹೇಳ್ತೀನಿ ಬಾ. ಅವಳು ಗೆಲ್ತಾಳೆ, ಮಳೆ ಬರತ್ತೆ..."

ಪಿಟೀಲು ಅಲ್ಲಿಂದ ಓಡಿದಳು. ಊರಿನ ಲೈಬ್ರರಿಯಲ್ಲಿ ಒಂದೇ ಕಾಪಿ. ಅದಕ್ಕಾಗಿ ಕಾಯುತ್ತಿರುವವರು ಹದಿನಾಲ್ಕು ಜನ. ಹೆಸರು ಬರೆದುಕೊಂಡ ಲೈಬ್ರರಿಯವರು ಕನಿಕರದಿಂದ, "ಅಲ್ಲೀವರೆಗೆ ಸಿನಿಮಾ ನೋಡಬಹುದಲ್ಲ?" ಎಂದರು.

ಗುರುವಾರ ಮಧ್ಯಾಹ್ನ ಊಟದ ಬೆಲ್ಲಿಗೆ ಕನ್ನಡಕ ಓಡೋಡಿ ಬಂದಳು. ಅವಳು ಪಿಟೀಲಿನ ಪಕ್ಕದ ಬೆಂಚಿನ ಹುಡುಗಿ. ಮೂಗಿನ ಮೇಲಿಂದ ಜಾರುವ ಕನ್ನಡಕವನ್ನು ದಿನಕ್ಕೆ ನೂರು ಸಲ ಮೇಲೆ ತಳ್ಳುತ್ತಿದ್ದಳು.

"ನೋಡು, ನಮ್ಮಪ್ಪ ನಿನ್ನೆ ತಂದ್ರು! ನಿನಗೋಸ್ಕರ ನಾನೂ ಓದ್ತೀನಿ ಅಂತ ಹಟ ಮಾಡಿದೆ." ಅವಳ ಕೈಯಲ್ಲಿ ಹೊಚ್ಚಹೊಸ 'ಏಳನೇ ಲೇನ್'.

ಪಿಟೀಲು ಅವಳನ್ನು ತಬ್ಬಿಕೊಳ್ಳುವುದೊಂದು ಬಾಕಿ. ಪುಸ್ತಕ ಕಸಿದುಕೊಂಡು ಕೊನೆಗೆ ತಿರುವಿದಳು. ನೂರಾ ಎಪ್ಪತ್ತಾರು. 'ಸರ್, ಆವತ್ತು ನಿಮ್ಮ ಸ್ಟಾಪ್‌ವಾಚ್ ಒಡೆದದ್ದು'. ಪಕ್ಕದ ಪುಟ ನೋಡಿದಳು.

'ಬೆಕ್ಕು ಪಂಪ್ ರೂಮಿನ ಹಿಂದೆ ಮೂರು ಮರಿ ಹಾಕಿತ್ತು.'

"ಅಯ್ಯೋ, ಈ ದರಿದ್ರ ಬೆಕ್ಕು!" ಎಂದು ಪಿಟೀಲು ಪುಸ್ತಕವನ್ನು ಬೆಂಚಿಗೆ ಕುಕ್ಕಿದಳು.

ಕನ್ನಡಕ ಪುಟಗಳನ್ನು ಹಿಂದೆ ಮುಂದೆ ತಿರುವಿದಳು. "ಇದು ಮೋಸ. ಹೊಸಾ ಪುಸ್ತಕ ಇದು! ನಮ್ಮಪ್ಪ ವಕೀಲರು, ಗೊತ್ತಲ್ಲ? ಅಂಗಡಿಗೆ, ಪ್ರೆಸ್ಸಿಗೆ, ಎಲ್ಲರಿಗೂ ನೋಟಿಸ್ ಕಳಿಸ್ತಾರೆ. ಈ ಕೆಲಸ ಮಾಡಿದವರು ಯಾರೋ, ಅವರನ್ನ ಮೊದಲು ಮನೆಗೆ ಕಳಿಸ್ಬೇಕು."

ಪಿಟೀಲು ಪುಸ್ತಕದ ಮೇಲೆ ಬಾಗಿದಳು. ಕೊನೆಯ ಪುಟದ ಕೆಳಗೆ, ಬೆನ್ನಿಗೆ ಅಂಟಿದ ಮೂಲೆಯಲ್ಲಿ, ಸಾಸಿವೆಯಷ್ಟು ದೊಡ್ಡ ಹಸಿರು ಚುಕ್ಕಿಯೊಂದು ಅವಳಿಗೆ ಕಂಡಿತ್ತು.

ಪ್ರೆಸ್ಸಿನಲ್ಲಿ ಫಾರಂ ಕೂಡಿಸುವ ಹೆಂಗಸರಿಗೆಲ್ಲ ಒಂದೊಂದು ಬಣ್ಣದ ಪೆನ್ಸಿಲ್ ಇರುತ್ತದೆ. ಪುಸ್ತಕ ಕೂಡಿಸಿ ಮುಗಿದ ಮೇಲೆ ತಮ್ಮ ಬಣ್ಣದ ಒಂದು ಚುಕ್ಕಿ ಇಡಬೇಕು. ಯಾರು ಕೂಡಿಸಿದ್ದೆಂದು ಆಮೇಲೆ ತಿಳಿಯಬೇಕಲ್ಲ? ಹೋದ ವರ್ಷ ಕೆಂಪು ಚುಕ್ಕಿಯವಳು ಕೂಡಿಸಿದ ಡೈರಿಗಳಲ್ಲಿ ಮಾರ್ಚ್ ಎರಡು ಸಲ ಬಂದು, ಏಪ್ರಿಲ್ ಬಂದೇ ಇರಲಿಲ್ಲ. ಅಕ್ಕ ಅದನ್ನು ಹೇಳಿದಾಗ ಪಿಟೀಲು ಬಿದ್ದೂ ಬಿದ್ದೂ ನಕ್ಕಿದ್ದಳು. ಮಾಲೀಕರು ಕೆಂಪು ಚುಕ್ಕಿಯವಳನ್ನು ಅದೇ ದಿನ ಮನೆಗೆ ಕಳಿಸಿದ್ದರು. ಅವಳ ಜಾಗಕ್ಕೆ ಬಂದವಳೇ ಅಕ್ಕ.

ಅಕ್ಕನ ಪೆನ್ಸಿಲ್ ಹಸಿರು.

ಪಿಟೀಲು ರಬ್ಬರ್ ತೆಗೆದು ಚುಕ್ಕಿಯನ್ನು ಉಜ್ಜಿದಳು. ಹೋಗಲಿಲ್ಲ. ಬೆರಳಿಗೆ ಎಂಜಲು ಹಚ್ಚಿ ಉಜ್ಜಿದಳು. ಚುಕ್ಕಿ ಹರಡಿ ಮೊದಲಿಗಿಂತ ದೊಡ್ಡದಾಯಿತು.

"ಏಯ್, ನನ್ನ ಬುಕ್ ಯಾಕೆ ಉಜ್ತಿದ್ದೀಯ?"

"ನಿಮ್ಮಪ್ಪಂಗೆ ಇವತ್ತು ಹೇಳ್ಬೇಡ," ಎಂದಳು ಪಿಟೀಲು. "ಪ್ಲೀಸ್ ಕಣೇ. ನಾಳೆವರೆಗೆ."

"ಯಾಕೆ?"

"ಸುಮ್ನೆ."

ಕನ್ನಡಕ ಕನ್ನಡಕವನ್ನು ಮೇಲೆ ತಳ್ಳಿ ಅವಳನ್ನೇ ಒಂದು ಕ್ಷಣ ನೋಡಿದಳು. ಆಮೇಲೆ ಪುಸ್ತಕವನ್ನು ಬ್ಯಾಗಿಗೆ ತುರುಕಿ, "ನಾಳೆವರೆಗೆ ಮಾತ್ರ," ಎಂದಳು.

ಸ್ಕೂಲು ಬಿಟ್ಟೊಡನೆ ಪಿಟೀಲು ಮನೆಗೆ ಹೋಗದೆ ಸೀದಾ ಪ್ರೆಸ್ಸಿಗೆ ಹೋದಳು. ಒಳಗೆ ಗೋಂದು ಮತ್ತು ಮಸಿಯ ವಾಸನೆ. ಹಾಲ್‌ನ ನಡುವೆ ಒಂದು ಉದ್ದನೆಯ ಮೇಜು. ಮೇಜಿನ ಅಂಚಿನುದ್ದಕ್ಕೂ ಹನ್ನೆರಡು ರಾಶಿ. ನಾಲ್ಕು ಜನ ಹೆಂಗಸರು ಒಬ್ಬರ ಹಿಂದೆ ಒಬ್ಬರು ಮೇಜಿನ ಸುತ್ತ ನಡೆಯುತ್ತಿದ್ದರು. ನಡೆಯುತ್ತಲೇ ಪ್ರತಿ ರಾಶಿಯಿಂದ ಒಂದೊಂದು ಫಾರಂ ಎತ್ತಿ ಎಡಗೈಯಲ್ಲಿ ಸೇರಿಸಿಕೊಳ್ಳುತ್ತಿದ್ದರು. ಒಂದು ಸುತ್ತಿಗೆ ಒಂದು ಪುಸ್ತಕ. ಕುಟ್ಟಿ ಸಮ ಮಾಡಿ, ಚುಕ್ಕಿ ಇಟ್ಟು, ಪಕ್ಕಕ್ಕೆ ಹಾಕಿ, ಮತ್ತೆ ಸುತ್ತು.

ಮೂರನೆಯವಳು ಅಕ್ಕ. ಅವಳು ತಂಗಿಯನ್ನು ನೋಡಿದಳು. ಆದರೆ ನಿಲ್ಲಲಿಲ್ಲ.

ಪಿಟೀಲು ಬಾಗಿಲಲ್ಲೇ ನಿಂತು ಎಣಿಸಿದಳು. ಹತ್ತು ಸುತ್ತು. ಇಪ್ಪತ್ತು ಸುತ್ತು. ಇಪ್ಪತ್ತೆರಡನೇ ಸುತ್ತಿನಲ್ಲಿ ಮುಂದಿದ್ದವಳು ಸೆರಗು ಸರಿಮಾಡಿಕೊಳ್ಳಲು ಅರೆಕ್ಷಣ ನಿಂತಳು. ಹಿಂದಿದ್ದವಳು ಬಂದು ಅವಳ ಬೆನ್ನಿಗೆ ಗುದ್ದಿದಳು. "ನಿಂತ್ಕೋಬೇಡ್ರೇ!" ಎಂದು ಮೂಲೆಯಿಂದ ಮೇಸ್ತ್ರಿಯ ದನಿ ಬಂತು.

ಇಲ್ಲಿ ಒಂದು ಸಾಲು ಓದಬೇಕಾದರೂ ನಿಲ್ಲಬೇಕು. ಪಿಟೀಲು ತನ್ನ ಶೂಗಳನ್ನು ನೋಡುತ್ತಾ ನಿಂತಳು. ಭಾನುವಾರ ತಾನಾಡಿದ ಮಾತು ಮತ್ತೆ ಮತ್ತೆ ನೆನಪಾಗುತ್ತಿತ್ತು.

ಐದು ಗಂಟೆಯ ಬಿಡುವಿಗೆ ಅಕ್ಕ ಹೊರಗೆ ಬಂದಳು. "ಏನಾಯ್ತು? ಅಮ್ಮಂಗೆ ಹುಷಾರಿಲ್ವಾ?" ನಾಲ್ಕು ದಿನಗಳ ನಂತರ ಅವಳಾಡಿದ ಮೊದಲ ಮಾತು ಅದು.

"ಅಮ್ಮ ಚೆನ್ನಾಗಿದ್ದಾಳೆ. ಅಕ್ಕಾ, ಅದು... ಕನ್ನಡಕನ ಪುಸ್ತಕದಲ್ಲೂ ಬೆಕ್ಕು ಇದೆ."

"ಯಾವ ಬೆಕ್ಕು?"

ಪಿಟೀಲು ಹೇಳಿದಳು. ಹಸಿರು ಚುಕ್ಕಿಯನ್ನೂ ಹೇಳಿದಳು. ಅಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

"ಹೋದ ವಾರದ ಸೋಮವಾರ," ಎಂದಳು ಮೆಲ್ಲಗೆ. "ಹನ್ನೆರಡನೇ ರಾಶಿ ಖಾಲಿ ಆಯ್ತು. ನಾನೇ ಒಳಗಿಂದ ಕಟ್ಟು ತಂದೆ. ಕಟ್ಟಿನ ಮೇಲಿನ ನಂಬರ್ ಚೀಟಿ ಬಿದ್ದುಹೋಗಿತ್ತು. ಹನ್ನೆರಡರ ಸಾಲಲ್ಲೇ ಇತ್ತಲ್ಲ, ಅದೇ ಇರ್ಬೇಕು ಅಂತ ಬಿಚ್ಚಿ ಇಟ್ಟುಬಿಟ್ಟೆ. ಒಂದು ಸಲ ಕಣ್ಣು ಹಾಯಿಸಿದ್ರೆ ಸಾಕಿತ್ತು. ಥೂ, ನನ್ನ ತಲೆ!"

"ಒಂದು ಕಟ್ಟಲ್ಲಿ ಎಷ್ಟಿರತ್ತೆ?"

"ನೂರು."

ಪಿಟೀಲು ಬಾಗಿಲ ಕಡೆ ಒಮ್ಮೆ ನೋಡಿದಳು.

"ಯಾರಿಗೂ ಹೇಳೋದು ಬೇಡ ಅಕ್ಕಾ," ಎಂದು ಪಿಟೀಲು ಪಿಸುಗುಟ್ಟಿದಳು. "ಕನ್ನಡಕಂಗೆ ನಾನು ಹೇಗಾದ್ರೂ ಹೇಳಿ ಸುಮ್ಮನಾಗಿಸ್ತೀನಿ. ನನ್ನ ಜಾಮಿಟ್ರಿ ಬಾಕ್ಸ್ ಕೊಟ್ಟುಬಿಡ್ತೀನಿ. ನಾಳೆ ಕ್ಲಾಸಲ್ಲಿ ಮಳೆ ಬಂತು ಅಂತಲೇ ಹೇಳ್ತೀನಿ."

"ನೂರರಲ್ಲಿ ನೀನೊಬ್ಬಳು, ನಿನ್ನ ಕನ್ನಡಕ ಒಬ್ಬಳು. ಇನ್ನೂ ತೊಂಬತ್ತೆಂಟು ಜನ ಇದ್ದಾರಲ್ಲೇ, ನಿನ್ನ ಹಾಗೇ ತಲೆ ಚಚ್ಚಿಕೊಳ್ಳೋರು?" ಎಂದಳು ಅಕ್ಕ. "ನೀನು ಒಬ್ಬಳು ಕುಯ್ದದ್ದೇ ನನಗೆ ಸಾಕಾಗಿದೆ."

ಅವಳು ಸೀದಾ ಒಳಗೆ ಹೋದಳು. ಪಿಟೀಲು ಅವಳ ಹಿಂದೆಯೇ ಓಡಿದಳು.

ಅಕ್ಕ ಹೇಳಿದ್ದನ್ನೆಲ್ಲ ಮೇಸ್ತ್ರಿ ಕೇಳಿಸಿಕೊಂಡರು. ಮೊದಲು ಅವರ ಕಿವಿ ಕೆಂಪಾಯಿತು, ನಂತರ ಮೂಗು. "ನಿಮಗೆಲ್ಲ ಕಣ್ಣು ಯಾಕೆ ಕೊಟ್ಟಿದ್ದಾನೆ ದೇವರು? ಅಲಂಕಾರಕ್ಕಾ? ಬೆನ್ನು ನೋಡಬೇಕು, ಬೆನ್ನು ನೋಡಬೇಕು ಅಂತ ನಾನು ಬಾಯಿ ಬಡ್ಕೊಳ್ಳೋದು ಯಾರಿಗೆ?"

ಪ್ರತಿ ಫಾರಂನ ಮಡಿಕೆಯ ಮೇಲೆ ಒಂದು ಕಪ್ಪು ಗುರುತು ಅಚ್ಚಾಗಿರುತ್ತದೆ. ಎಲ್ಲವೂ ಸರಿಯಾಗಿ ಕೂಡಿದ್ದರೆ ಪುಸ್ತಕದ ಬೆನ್ನಿನ ಮೇಲೆ ಆ ಗುರುತುಗಳು ಮೆಟ್ಟಿಲಿನಂತೆ ಇಳಿಯುತ್ತವೆ. ಒಂದು ತಪ್ಪಿದರೂ ಮೆಟ್ಟಿಲು ಮುರಿದಂತೆ ಕಾಣುತ್ತದೆ. ರಟ್ಟು ಅಂಟಿಸುವ ಮೊದಲು ನೋಡಿದರೆ ಆಯಿತು.

"ತಪ್ಪಾಯ್ತು ಸರ್," ಎಂದಳು ಅಕ್ಕ.

"ತಪ್ಪಾಯ್ತಂತೆ! ಮಾಲೀಕರಿಗೆ ನಾನೇನು ಹೇಳ್ಲಿ?"

ಪಿಟೀಲಿಗೆ ತಡೆಯಲಾಗಲಿಲ್ಲ. "ನೀವೇ ಹೇಳಿದ್ರಂತಲ್ಲ, ಸಿನಿಮಾ ಬಂದುಬಿಡ್ತು, ಬೆನ್ನು ನೋಡ್ತಾ ಕೂರ್ಬೇಡಿ, ಬೇಗ ಅಂಟಿಸಿ ಕಳ್ಸಿ ಅಂತ! ಅಕ್ಕ ಆವತ್ತೇ ಮನೇಲಿ ಹೇಳಿದ್ಲು!"

ಅಕ್ಕ ಅವಳ ತೋಳು ಚಿವುಟಿದಳು. ಜೋರಾಗಿಯೇ. ಬಿಡುವು ಮುಗಿಸಿ ಹಾಲ್‌ನಲ್ಲಿ ಮತ್ತೆ ಸುತ್ತತೊಡಗಿದ್ದ ಮೂವರೂ ಒಟ್ಟಿಗೆ ನಿಂತುಬಿಟ್ಟರು. ಈ ಸಲ ಯಾರೂ ಯಾರಿಗೂ ಗುದ್ದಲಿಲ್ಲ.

ಮೇಸ್ತ್ರಿ ಕುತ್ತಿಗೆಯ ಹಿಂಭಾಗ ಕೆರೆದುಕೊಂಡರು. "ಇದು ಯಾರು?" ಎಂದು ಕೇಳಿದರು.

"ನನ್ನ ತಂಗಿ ಸರ್."

"ಗೊತ್ತಾಯ್ತು," ಎಂದರು ಮೇಸ್ತ್ರಿ.

ಆಮೇಲೆ ಎಲ್ಲರೂ ಸೇರಿ ಗೋಡೌನಿನಲ್ಲಿದ್ದ ಪುಸ್ತಕಗಳ ಕೊನೆಯ ಪುಟ ತೆರೆದು ತೆರೆದು ನೋಡಿದರು. ಬೆಕ್ಕಿರುವ ಪುಸ್ತಕಗಳು ನಲವತ್ತೊಂದು ಸಿಕ್ಕವು. ಉಳಿದವು ಆಗಲೇ ಅಂಗಡಿಗಳಿಗೆ ಹೋಗಿದ್ದವು. ಮೇಸ್ತ್ರಿ ಅಂಗಡಿಗಳಿಗೆ ಒಂದೊಂದಾಗಿ ಫೋನ್ ಮಾಡಿದರು. ಪ್ರತಿ ಸಲವೂ "ಹೌದು ಸ್ವಾಮಿ, ನಮ್ಮದೇ ತಪ್ಪು," ಎಂದರು. ಯಾರ ತಪ್ಪೆಂದು ಯಾರ ಹೆಸರೂ ಹೇಳಲಿಲ್ಲ.

ಕೊನೆಗೆ ಫೋನಿಟ್ಟು ಅಕ್ಕನ ಕಡೆ ನೋಡಿದರು. "ನಾಳೆ ಹನ್ನೊಂದಕ್ಕೆ ಮಾಲೀಕರು ಬರ್ತಾರೆ. ಕಟ್ಟು ಬಿಚ್ಚಿ ಇಟ್ಟವಳು ನೀನು. ನೀನೇ ಹೇಳಬೇಕು. ನಾನೂ ಪಕ್ಕದಲ್ಲಿರ್ತೀನಿ. ಅವರು ಏನಂತಾರೋ, ನನ್ನ ಕೈಲಿಲ್ಲ."

ಹೊರಡುವಾಗ ಅಕ್ಕ ಹನ್ನೆರಡನೇ ರಾಶಿಯಿಂದ ಒಂದು ಫಾರಂ ಎತ್ತಿ, ಮೇಸ್ತ್ರಿಯ ಮುಖ ನೋಡಿದಳು. ಅವರು ಕೈಬೀಸಿ, "ಕೊಡು ಕೊಡು, ಇಲ್ದಿದ್ರೆ ನನ್ನೂ ಕುಯ್ಯತ್ತೆ ಇದು," ಎಂದರು.

ಮನೆಗೆ ಹೋಗುವ ಬಸ್ಸಿನಲ್ಲಿ ಪಿಟೀಲು ಹದಿನಾರು ಪುಟಗಳನ್ನೂ ಓದಿ ಮುಗಿಸಿದಳು. ಮುಗಿಸಿ ಮತ್ತೊಮ್ಮೆ ಮೊದಲಿನಿಂದ ಓದಿದಳು. ಅಕ್ಕ ಕಿಟಕಿಯಾಚೆ ನೋಡುತ್ತಿದ್ದಳು.

"ಅಕ್ಕಾ, ಕೊನೇಲಿ ಏನಾಗತ್ತೆ ಗೊತ್ತಾ?"

"ಈಗ ಬೇಡ ಕಣೇ," ಎಂದಳು ಅಕ್ಕ. "ನಾಳೆ ಕಳೀಲಿ, ಆಮೇಲೆ ಹೇಳು."

ಪಿಟೀಲು ಬಾಯಿ ಮುಚ್ಚಿಕೊಂಡಳು. ಅಷ್ಟು ಹೊತ್ತು ಬಾಯಿ ಮುಚ್ಚಿ ಕುಳಿತದ್ದು ಅವಳಿಗೆ ನೆನಪಿರುವಂತೆ ಅದೇ ಮೊದಲು.

ಶುಕ್ರವಾರ ಬೆಳಗ್ಗೆ ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡಳು. ತಿಂಡಿ ಅರ್ಧಕ್ಕೇ ಬಿಟ್ಟು ಎದ್ದಳು. ಅಮ್ಮ ಅವಳ ಬೆನ್ನ ಮೇಲೆ ಒಮ್ಮೆ ಕೈಯಾಡಿಸಿದಳು.

ಲೈಬ್ರರಿ ಪೀರಿಯಡ್ ಇದ್ದದ್ದು ಹನ್ನೊಂದಕ್ಕೆ.

"ಬಾ, ಹೇಳು," ಎಂದರು ಮಿಸ್.

ಪಿಟೀಲು ಮುಂದೆ ಹೋಗಿ ನಿಂತಳು. ಕೈಯಲ್ಲಿ ಹನ್ನೆರಡನೇ ಫಾರಂ. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಗಂಟೆ ಐದು ನಿಮಿಷ. ಅವಳು ಕತೆ ಹೇಳಿದಳು. ಸ್ಟಾಪ್‌ವಾಚ್ ಒಡೆದದ್ದು, ಬಚ್ಚಿಟ್ಟದ್ದು, ಗೆಳತಿಯನ್ನು ಟೀಮಿನಿಂದ ತೆಗೆದದ್ದು. ಕ್ಲಾಸು ಸದ್ದಿಲ್ಲದೆ ಕೇಳಿತು. ಮೈಕ್ ಕೂಡ.

"ರೇಸ್ ದಿನ ಮೀನು ಕೋಚ್ ಹತ್ರ ಹೋಗಿ, ಸರ್, ಆವತ್ತು ನಿಮ್ಮ ಸ್ಟಾಪ್‌ವಾಚ್ ಒಡೆದದ್ದು ನಾನು ಅಂತಾಳೆ. ಕೋಚ್ ಏನೂ ಅನ್ನಲ್ಲ. ಸುಮ್ನೆ ಹೋಗಿ ಲಿಸ್ಟಲ್ಲಿ ಏಳನೇ ಲೇನ್‌ಗೆ ಮೀನು ಹೆಸರು ಹೊಡೆದು ಅವಳ ಗೆಳತಿ ಹೆಸರು ಬರೀತಾರೆ. ಮೀನು ಮೆಟ್ಟಿಲ ಮೇಲೆ ಹೋಗಿ ಕೂತ್ಕೊಳ್ತಾಳೆ, ಟವಲ್ ಹೊದ್ದುಕೊಂಡು. ಸೀಟಿ ಊದ್ತಾರೆ. ಎಲ್ಲರೂ ನೀರಿಗೆ ಹಾರ್ತಾರೆ. ಮುಗೀತು."

"ಮುಗೀತಾ?" ಎಂದು ಮೈಕ್ ಬೆಂಚಿನ ಮೇಲೆ ಎದ್ದು ನಿಂತ. "ಗೆದ್ದೋರು ಯಾರು?"

"ಬರೆದಿಲ್ಲ."

"ಬರೆದಿಲ್ಲ ಅಂದ್ರೆ?"

"ಬರೆದಿಲ್ಲ ಅಂದ್ರೆ ಬರೆದಿಲ್ಲ."

"ಗೆಳತಿ ಮಾತಾಡಿದ್ಲಾ ಅವಳ ಹತ್ರ?" ಎಂದು ಇನ್ನೊಬ್ಬಳು.

"ಅದೂ ಇಲ್ಲ."

"ನಿಜ ಹೇಳಿದ್ಮೇಲೆ ಮೀನೂನ ಟೀಮಿಂದ ತೆಗೆದ್ರಾ, ಇಟ್ಕೊಂಡ್ರಾ?" ಎಂದು ಕನ್ನಡಕ ಕೇಳಿದಳು.

ಪಿಟೀಲು ಫಾರಂನ ಕೊನೆಯ ಪುಟ ನೋಡಿದಳು. ಸೀಟಿಯ ಸಾಲಿನ ಕೆಳಗೆ ಅರ್ಧ ಪುಟ ಬಿಳಿ. ನಿನ್ನೆ ಬಸ್ಸಿನಲ್ಲಿ ಈ ಬಿಳಿ ಜಾಗ ನೋಡಿ ಅವಳಿಗೂ ಮೈಕ್‌ನಷ್ಟೇ ಸಿಟ್ಟು ಬಂದಿತ್ತು. ಈಗ ಯಾಕೋ ಬರಲಿಲ್ಲ. ಮೀನು ಬಾಯಿ ತೆರೆಯುವಾಗ ಅವಳಿಗೂ ಅದು ಗೊತ್ತಿರಲಿಲ್ಲವಲ್ಲ.

ಗಡಿಯಾರದಲ್ಲಿ ಹನ್ನೊಂದೂಕಾಲು. ಮಾಲೀಕರು ಬಂದಿರುತ್ತಾರೆ. ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಅಕ್ಕ ಆ ಉದ್ದನೆಯ ಮೇಜಿನ ಪಕ್ಕ ನಿಂತಿರುತ್ತಾಳೆ. ನಡೆಯದೆ, ನಿಂತು.

"ಅದೂ ಬರೆದಿಲ್ಲ," ಎಂದಳು ಪಿಟೀಲು.

ಕ್ಲಾಸು ಒಮ್ಮೆಲೇ ಭುಗಿಲೆದ್ದಿತು. ಇದೆಂಥ ಕೊನೆ ಎಂದು ಒಬ್ಬ. ಸಿನಿಮಾನೇ ಎಷ್ಟೋ ವಾಸಿ ಎಂದು ಇನ್ನೊಬ್ಬ. ಗೆಳತಿಯೇ ಗೆದ್ದಿರುತ್ತಾಳೆ ಎಂದು ಒಂದು ಬೆಂಚು, ಪ್ರಾಕ್ಟೀಸೇ ಇಲ್ಲದೆ ಹೇಗೆ ಗೆಲ್ಲುತ್ತಾಳೆ ಎಂದು ಇನ್ನೊಂದು ಬೆಂಚು. ಪೂರ್ತಿ ಬರೆಯದೆ ಪುಸ್ತಕ ಮಾಡಿದವರಿಗೆ ನೋಟಿಸ್ ಕಳಿಸಬಹುದಾ ಎಂದು ಮೈಕ್ ಕನ್ನಡಕನನ್ನು ಕೇಳುತ್ತಿದ್ದ. ಮಿಸ್ ಡಸ್ಟರ್ ಕುಟ್ಟುತ್ತಲೇ ಇದ್ದರು. ಸೀಮೆಸುಣ್ಣದ ಪುಡಿ ಎದ್ದಿತೇ ಹೊರತು ಯಾರ ಬಾಯಿಯೂ ಮುಚ್ಚಲಿಲ್ಲ.

ಪಿಟೀಲು ಮೇಜಿನ ಹತ್ತಿರ ಹೋದಳು.

"ಮಿಸ್, ಆಫೀಸ್ ಫೋನಿಂದ ನಮ್ಮಕ್ಕಂಗೆ ಒಂದು ಫೋನ್ ಮಾಡ್ಲಾ?"

ಡಸ್ಟರಿನ ಸದ್ದಿನಲ್ಲಿ ಮಿಸ್‌ಗೆ ಕೇಳಿಸಲಿಲ್ಲ. ಅವಳು ಇನ್ನೂ ಸ್ವಲ್ಪ ಹತ್ತಿರ ಸರಿದಳು.

"ಮಿಸ್, ಒಂದೇ ನಿಮಿಷ. ನಮ್ಮಕ್ಕಂಗೆ ಫೋನ್ ಮಾಡ್ಬೇಕು."